ಗೋಡೆಗೆ ರೈನ್‌ಕೋಟು ಬೇಡ, ಮನೆಗೆ ಗೊರಬು ಇರಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ವಾಚನಾಲಯದಲ್ಲಿ ಏಪ್ರಿಲ್ ತಿಂಗಳ ಸಂಜೆಯೊಂದರಲ್ಲಿ, ಮನೆ ಕಟ್ಟುವ ಇಂಜಿನಿಯರ್ ಆಗಿ ನಾನು ಆಡಿದ ಮಾತುಗಳಿವು. ಮಾತಿನ ನಡುವೆ ತುಳು, ಮಲಯಾಳ ಎಲ್ಲ ಬಂದಿತ್ತು. ಬರೆಯುವಾಗ ಕನ್ನಡ ಮಾಡಿದ್ದೇನೆ. ಮೇಸ್ತ್ರಿಗಳ ಬಗ್ಗೆ ಆಡಿದ ಒಂದೆರಡು ಮಾತು ತೆಗೆದಿದ್ದೇನೆ, ನಾಳೆಯೂ ಅವರ ಜೊತೆಗೇ ಕೆಲಸ ಮಾಡಬೇಕಲ್ಲ. ಉಳಿದದ್ದು ಹಾಗೇ ಇದೆ.

ನಮಸ್ಕಾರ. ನನ್ನನ್ನು ಕರೆದವರು "ಗಟ್ಟಿಯಾದ, ತಂಪಾದ, ಕರೆಂಟು ಜಾಸ್ತಿ ತಿನ್ನದ ಮನೆ ಕಟ್ಟುವುದು ಹೇಗೆ, ಒಂದು ಗಂಟೆ ಹೇಳಿ" ಅಂದಿದ್ದರು. ಈ ಹಾಲಿಗೆ ಕಾಲಿಟ್ಟ ಕೂಡಲೇ ಅರ್ಧ ವಿಷಯ ಹೇಳಿ ಮುಗಿಸಿದ ಹಾಗಾಯಿತು. ಗಂಟೆ ಆರೂವರೆ. ಹೊರಗೆ ಗಾಳಿ ಚೆನ್ನಾಗಿ ಬೀಸುತ್ತಿದೆ. ಒಳಗೆ ನಾಲ್ಕು ಫ್ಯಾನು ತಿರುಗುತ್ತಿದ್ದರೂ ನೀವೆಲ್ಲ ಆಮಂತ್ರಣ ಪತ್ರಿಕೆಯಲ್ಲಿ ಬೀಸಿಕೊಳ್ಳುತ್ತಿದ್ದೀರಿ. ಕಾರಣ ತಲೆಯ ಮೇಲೇ ಇದೆ. ಈ ಸ್ಲ್ಯಾಬು ಬೆಳಿಗ್ಗೆಯಿಂದ ಕುಡಿದ ಬಿಸಿಲನ್ನು ಈಗ ನಿಮ್ಮ ಮೇಲೆ ಇಳಿಸುತ್ತಿದೆ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ರಾತ್ರಿ ಎಂಟು ಗಂಟೆಗೆ ಸ್ಟೂಲು ಹತ್ತಿ ತಾರಸಿಯ ಒಳಮೈಗೆ ಅಂಗೈ ಇಡಿ. ದೋಸೆ ಎರೆದು ಮುಗಿಸಿ ಒಲೆಯಿಂದ ಇಳಿಸಿದ ಕಾವಲಿಯ ಹಿಡಿ ಇರುತ್ತದಲ್ಲ, ಆ ಥರದ ಬಿಸಿ. ಆಮೇಲೆ ಪಶ್ಚಿಮದ ಗೋಡೆ ಮುಟ್ಟಿ. ಅದೂ ಬೆಚ್ಚಗಿರುತ್ತದೆ. ಉತ್ತರದ ಗೋಡೆ ಮುಟ್ಟಿ, ನೆಲ ಮುಟ್ಟಿ. ಅವು ತಣ್ಣಗಿರುತ್ತವೆ. ಇಷ್ಟಾದರೆ ಸಾಕು, ನಿಮ್ಮ ಮನೆಗೆ ಸೆಕೆ ಯಾವ ದಾರಿಯಲ್ಲಿ ಬರುತ್ತದೆ ಅಂತ ಹೇಳಲಿಕ್ಕೆ ಇಂಜಿನಿಯರ್ ಬೇಕಾಗಿಲ್ಲ.

ನಾವಿರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನದು ಮೋಡದ ಮರೆಯಲ್ಲಿ ಗೊತ್ತಾಗದೆ ಹೋಗುತ್ತದೆ. ಏಪ್ರಿಲಿನದು ಚೆನ್ನಾಗಿ ಗೊತ್ತಾಗುತ್ತದೆ! ಡಿಸೆಂಬರಿನಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಹಾಗಾಗಿ ವರ್ಷವಿಡೀ ಬಿಸಿಲಿನ ದೊಡ್ಡ ಪಾಲು ಮಾಡಿನ, ಅಂದರೆ ಛಾವಣಿಯ, ಮೇಲೆ. ಉಳಿದದ್ದು ಬೆಳಿಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ. ಉತ್ತರ, ದಕ್ಷಿಣದ ಗೋಡೆಗಳಿಗೆ ಮಾಡು ಮೂರಡಿ ಹೊರಗೆ ಚಾಚಿಕೊಂಡಿದ್ದರೆ ಹೆಚ್ಚು ಚಿಂತೆ ಬೇಡ.

ಬಿಸಿಲಿನ ಲೆಕ್ಕ ಹೀಗಾಯಿತು. ಆದರೆ ನಮ್ಮ ಊರಿನಲ್ಲಿ ಮನೆಯನ್ನು ಹಾಳು ಮಾಡುವುದು ಬಿಸಿಲಲ್ಲ, ನೀರು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಾವಿರ ಚದರಡಿಯ ಒಂದು ಮಾಡಿನ ಮೇಲೆ ಎಷ್ಟು ನೀರು ಬಿತ್ತು ಅಂತ ಲೆಕ್ಕ ಹಾಕಿ. 3 ಲಕ್ಷ 25 ಸಾವಿರ ಲೀಟರು. ಬೇಸಗೆಯಲ್ಲಿ 5000 ಲೀಟರಿನ ಟ್ಯಾಂಕರಿಗೆ ಫೋನು ಮಾಡಿ ಕಾಯುತ್ತೇವಲ್ಲ, ಅಂಥ ಟ್ಯಾಂಕರು 65 ಸಲ ಬಂದು ನಿಮ್ಮ ಮನೆಯ ಮೇಲೆ ಸುರಿದು ಹೋದ ಹಾಗೆ. ಅಷ್ಟೂ ನೀರು ಸೂರಿನಿಂದ ಇಳಿದು ಬೀಳುವುದು ಎಲ್ಲಿಗೆ? ಗೋಡೆಯ ಬುಡಕ್ಕೆ.

ಈಗ ಗೊರಬಿನ ವಿಷಯ. ಇಲ್ಲಿ ಐವತ್ತು ದಾಟಿದವರಿಗೆಲ್ಲ ಗೊರಬು ಗೊತ್ತು. ತುಳುವಿನಲ್ಲಿ ಕೊರಂಬು. ಬಿದಿರಿನ ಕಡ್ಡಿ, ಓಲೆ ಸೇರಿಸಿ ಹೆಣೆದದ್ದು. ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತದೆ. ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವವರು ಅದನ್ನು ಹಾಕಿಕೊಂಡರೆ ಮಳೆ ಬೆನ್ನಿನಿಂದ ಜಾರಿ ಆಚೆ ಬೀಳುತ್ತಿತ್ತು. ಒಳಗೆ ಗಾಳಿ ಆಡುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ರೈನ್‌ಕೋಟು ಬಂತು. ಅದನ್ನು ಹಾಕಿಕೊಂಡು ಅರ್ಧ ಗಂಟೆ ಕೆಲಸ ಮಾಡಿ ನೋಡಿ. ಹೊರಗಿನ ಮಳೆ ಒಳಗೆ ಬರುವುದಿಲ್ಲ ನಿಜ. ಬೆವರಿನಲ್ಲೇ ಒದ್ದೆಯಾಗುತ್ತೀರಿ. ಕಂಕುಳಲ್ಲಿ ಒಂದು ಸಣ್ಣ ಹರಕು ಇದ್ದರಂತೂ ಮುಗಿಯಿತು, ಹೊಕ್ಕ ನೀರು ಹೊರಗೆ ಹೋಗುವುದೇ ಇಲ್ಲ.

ಮೂವತ್ತು ವರ್ಷದಿಂದ ನಾವು ಕಟ್ಟುತ್ತಿರುವುದು ರೈನ್‌ಕೋಟಿನ ಮನೆ. ಮಾಡನ್ನು ಗೋಡೆಯಷ್ಟಕ್ಕೇ ಕತ್ತರಿಸಿ, ಕಿಟಕಿಯ ಮೇಲೆ ಒಂದೂವರೆ ಅಡಿಯ ಸನ್‌ಶೇಡು ಇಟ್ಟು, ಗೋಡೆಗೆ ಸಿಮೆಂಟು ಸಾರಣೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟು. ಹಳಬರು ಮಾಡಿದ್ದು ಗೊರಬಿನ ಮನೆ. ಇಳಿಜಾರಾದ ಮಾಡು, ಉದ್ದದ ಸೂರು, ಸುತ್ತ ಜಗಲಿ. ಗೋಡೆ ಏನಿದ್ದರೂ ಒಳಗೆ ಒಣಗಿ ಕುಳಿತಿರುತ್ತಿತ್ತು. ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುವವನಲ್ಲ. ಆ ಮನೆಗಳ ಅಡುಗೆ ಕೋಣೆಯಲ್ಲಿ ನಮ್ಮ ಅಜ್ಜಿಯಂದಿರು ಹೊಗೆ ಕುಡಿದೇ ಬದುಕು ಕಳೆದರು. ಆದರೆ ಸೂರಿನ ವಿಷಯದಲ್ಲಿ ಅವರು ತಪ್ಪಲಿಲ್ಲ.

ನನ್ನದೇ ತಪ್ಪಿನ ಕತೆ ಹೇಳುತ್ತೇನೆ. ಪೆರ್ಲದ ಹತ್ತಿರ ನಮ್ಮ ಅಪ್ಪಚ್ಚಿಗೆ, ಅಂದರೆ ಚಿಕ್ಕಪ್ಪನಿಗೆ, ಒಂದು ಮನೆ ಕಟ್ಟಿಕೊಟ್ಟೆ. ನನಗಾಗ ಕೆಲಸ ಹೊಸತು, ಉಮೇದು ಜಾಸ್ತಿ. ಹಳೆ ಹಂಚಿನ ಮನೆ ಕೆಡವಿ ಚಪ್ಪಟೆ ತಾರಸಿ ಹಾಕಿದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗೋಡೆಗೆ ಒಳಗೂ ಹೊರಗೂ ಗಟ್ಟಿ ಸಿಮೆಂಟು ಸಾರಣೆ. ಗೃಹಪ್ರವೇಶದ ದಿನ ಎಲ್ಲರೂ ಹೊಗಳಿದರು. ಮೂರನೆಯ ಮಳೆಗಾಲಕ್ಕೆ ಪಶ್ಚಿಮದ ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಕಪಾಟು ತೆಗೆದರೆ ಅಪ್ಪಚ್ಚಿಯ ಯಕ್ಷಗಾನ ಪ್ರಸಂಗದ ಪುಸ್ತಕಗಳಿಗೆಲ್ಲ ಬಿಳಿ ಬೂಷ್ಟು. ಅವರು ನನ್ನನ್ನು ಕರೆಸಿ, ಗೋಡೆಗೆ ಬೆರಳಿನಿಂದ ಒತ್ತಿ ತೋರಿಸಿ, "ಎಂತ ಮಾರಾಯಾ, ನೀನು ಕಟ್ಟಿದ್ದು ಮನೆಯೋ ಕೆರೆಯೋ?" ಅಂದರು.

ಆದದ್ದು ಇಷ್ಟೇ. ಸಿಮೆಂಟು ಸಾರಣೆ ಒಣಗುವಾಗ ಕೂದಲೆಳೆಯಂಥ ಬಿರುಕು ಬಿಟ್ಟೇ ಬಿಡುತ್ತದೆ. ಪಡುಗಾಳಿಯ ಜೊತೆ ಅಡ್ಡ ಹೊಡೆಯುವ ಮಳೆ ಆ ಬಿರುಕಿನಲ್ಲಿ ಒಳಗೆ ಹೋಗುತ್ತದೆ. ಮುರಕಲ್ಲು ಅದನ್ನು ಕುಡಿಯುತ್ತದೆ. ಹೊರಗೆ ಪೇಂಟು ಅಡ್ಡ ನಿಂತಿದೆ, ಹಾಗಾಗಿ ಗೋಡೆ ಒಳಮುಖವಾಗಿಯೇ ಒಣಗಬೇಕು. ಒಣಗುವುದು ಅಂದರೆ ಆ ನೀರೆಲ್ಲ ಕಪಾಟಿಗೆ, ಹಾಸಿಗೆಗೆ, ಪುಸ್ತಕಕ್ಕೆ. ನಾನು ಮತ್ತೆ ಮೇಲಿಂದ ಇನ್ನೊಂದು ಕೋಟು ವಾಟರ್‌ಪ್ರೂಫ್ ಬಳಿಸಿದೆ. ಬೇನೆ ಜಾಸ್ತಿಯಾಯಿತು. ಕೊನೆಗೆ ಒಂದು ಬೇಸಗೆಯಲ್ಲಿ ಆ ಗೋಡೆಯ ಹೊರಗಿನ ಸಾರಣೆ ಪೂರ್ತಿ ಕೆತ್ತಿಸಿದೆ. ಮೂರು ತಿಂಗಳು ಹಾಗೇ ಬಿಟ್ಟು ಒಣಗಿಸಿದೆ. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ಒಳಗೆ ಪಶ್ಚಿಮಕ್ಕೆ ಆರಡಿ ಅಗಲದ ಹಂಚಿನ ಜಗಲಿ ಇಳಿಸಿದೆ. ಗೋಡೆಗೆ ಬರೀ ಸುಣ್ಣ. ಆಮೇಲೆ ತೊಂದರೆ ಬರಲಿಲ್ಲ. ಅಪ್ಪಚ್ಚಿ ಆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, ಬಂದವರಿಗೆಲ್ಲ ಇದು ತನ್ನದೇ ಯೋಚನೆ ಅಂತ ಹೇಳುತ್ತಾರೆ.

ಮುರಕಲ್ಲು ನೀರು ಕುಡಿಯುತ್ತದೆ ಅಂದರೆ ಕೆಲವರಿಗೆ ಬೇಸರ. ಬಾಯಾರು, ಪೆರ್ಲ, ಎಣ್ಮಕಜೆ ಕಡೆಯವರಿಗೆ ನಾನಿದನ್ನು ಬಿಡಿಸಿ ಹೇಳಬೇಕಾ? ನೀರಿಗಾಗಿ ನಿಮ್ಮ ಗುಡ್ಡಕ್ಕೆ ಕೊರೆದ ಸುರಂಗದೊಳಗೆ ಹೋಗಿ ನೋಡಿ. ಮುರಕಲ್ಲಿನ ಮೈಯಿಂದಲೇ ನೀರು ಒಸರುತ್ತದೆ, ಹನಿ ಹನಿಯಾಗಿ ಸೇರಿ ತೋಟಕ್ಕೆ ಹರಿಯುತ್ತದೆ. ಅದೇ ಕಲ್ಲನ್ನು ಕೆತ್ತಿ ತಂದು ಗೋಡೆ ಮಾಡಿ, ಅದು ನೀರು ಕುಡಿಯಬಾರದು ಅಂತ ಹಟ ಮಾಡಿದರೆ ಹೇಗೆ? ಅದು ಕುಡಿದದ್ದನ್ನು ಬಿಟ್ಟುಕೊಡಲಿಕ್ಕೆ ದಾರಿ ಇರಲಿ. ಅಷ್ಟು ನೋಡಿಕೊಂಡರೆ ಅದರಷ್ಟು ಒಳ್ಳೆಯ ಕಲ್ಲು ಇಲ್ಲ. ಬೇಕಲ ಕೋಟೆಯ ಗೋಡೆ ನೋಡಿ. 17ನೇ ಶತಮಾನದಲ್ಲಿ ಇಕ್ಕೇರಿಯ ನಾಯಕರು ಕಟ್ಟಿಸಿದ್ದು. ಎದುರಿಗೇ ಕಡಲು. ಪುಟ್ಟಿಯೂ ಇಲ್ಲ, ಪೇಂಟೂ ಇಲ್ಲ. ಕುಡಿಯುತ್ತದೆ, ಒಣಗುತ್ತದೆ, ನಿಂತಿದೆ.

ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸುತ್ತಿದ. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಈ ಕಲ್ಲು ಕಡಿಯುವುದನ್ನು ನೋಡಿದ. ನೆಲದಲ್ಲಿರುವಾಗ ಕಬ್ಬಿಣದ ಹತಾರಿನಿಂದ ಕಡಿಯುವಷ್ಟು ಮೆತ್ತಗೆ, ಗಾಳಿ ತಾಗಿದ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದಲೇ ಹೆಸರು ಕೊಟ್ಟ. 1807ರಲ್ಲಿ ಅವನ ಪುಸ್ತಕ ಅಚ್ಚಾಯಿತು. ನಮ್ಮ ಮೇಸ್ತ್ರಿಗಳಿಗೆ ಅದು ಮೊದಲೇ ಗೊತ್ತಿತ್ತು ಅನ್ನುವುದು ಬೇರೆ ಮಾತು.

"ಗಾಳಿ ತಾಗಿದ ಮೇಲೆ ಗಟ್ಟಿ" ಅನ್ನುವುದೇ ನಾವು ಮರೆತ ಸಂಗತಿ. ಈಗ ಬೆಳಿಗ್ಗೆ ಕೋರೆಯಲ್ಲಿ ಮೆಷಿನ್ ಕೊಯ್ಯುತ್ತದೆ, ಮಧ್ಯಾಹ್ನ ಲಾರಿ ಬರುತ್ತದೆ, ಸಂಜೆಗೆ ಎರಡು ವರಸೆ ಎದ್ದಿರುತ್ತದೆ. ಕಲ್ಲಿಗೆ ಮೂರು ತಿಂಗಳಾದರೂ ಗಾಳಿ ಬಿಸಿಲು ಕಾಣಿಸಿ. ಸುಲಭದ ಉಪಾಯ ಹೇಳುತ್ತೇನೆ: ಕೆಲಸ ಶುರು ಮಾಡುವ ಮೊದಲೇ ಕಲ್ಲು ತರಿಸಿ ಅಂಗಳದಲ್ಲಿ ಅಟ್ಟಿ ಹಾಕಿ. ಪಂಚಾಂಗದ, ಅಂದರೆ ಅಡಿಪಾಯದ, ಕೆಲಸ ಮುಗಿಯುವಾಗ ಕಲ್ಲೂ ತಯಾರಾಗಿರುತ್ತದೆ.

ಕಲ್ಲು ಆರಿಸುವಾಗ ನಾನು ಮಾಡುವುದು ಹೀಗೆ. ಕಲ್ಲಿನಿಂದ ಕಲ್ಲಿಗೆ ಬಡಿದರೆ ಟಣ್ ಅನ್ನಬೇಕು. ದಪ್ ಅಂದರೆ ಒಳಗೆ ಮಣ್ಣು. ಮೈಮೇಲೆ ಬಿಳಿ ಸೇಡಿಮಣ್ಣಿನ ಮಚ್ಚೆ ಜಾಸ್ತಿ ಇದ್ದರೆ ಬೇಡ, ಎರಡು ಮಳೆಗೆ ಆ ಸೇಡಿ ತೊಳೆದು ಹೋಗಿ ತೂತು ಉಳಿಯುತ್ತದೆ. ಕೋರೆಯಲ್ಲಿ ಆಳಕ್ಕೆ ಹೋದ ಹಾಗೆ ಸೇಡಿ ಜಾಸ್ತಿ, ಆದ್ದರಿಂದ ಯಾವ ಮಟ್ಟದ ಕಲ್ಲು ಅಂತ ಹೋಗಿ ಕಣ್ಣಾರೆ ನೋಡಿ. ಇನ್ನೊಂದು ಪರೀಕ್ಷೆ ಅಡಿಕೆ ತೂಗುವ ತಕ್ಕಡಿ ಇದ್ದವರೆಲ್ಲ ಮಾಡಬಹುದು. ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ. ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ಮುರಕಲ್ಲಿಗೆ ಐಎಸ್ 3620 ಅಂತ ಒಂದು ಮಾನಕ ಉಂಟು. ಅದರ ಪ್ರಕಾರ ನೀರು ಕುಡಿಯುವುದು ತೂಕದ ನೂರಕ್ಕೆ 12ನ್ನು ದಾಟಬಾರದು. ಅಂದರೆ 30 ಕಿಲೋದ ಕಲ್ಲು ನೆನೆದ ಮೇಲೆ 33 ಕಿಲೋ 600 ಗ್ರಾಮಿನ ಒಳಗಿರಬೇಕು. ಭಾರ ಹೊರುವ ಶಕ್ತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು ಅಂತಲೂ ಉಂಟು, ಅದು ಮನೆಯಲ್ಲಿ ನೋಡುವ ಪರೀಕ್ಷೆಯಲ್ಲ. ನಾನು ಒಂದು ಲೋಡಿಗೆ ಐದು ಕಲ್ಲಾದರೂ ಮುಳುಗಿಸುತ್ತೇನೆ. ಕೋರೆಯವರಿಗೆ ನಗು ಬರುತ್ತದೆ, ಬರಲಿ.

ಮುರಕಲ್ಲಿಗೆ ಇನ್ನೊಂದು ಲಾಭ ಇದೆ, ಅದು ಕರೆಂಟು ಬಿಲ್ಲಿನಲ್ಲಿ ಕಾಣುವುದಿಲ್ಲ. ಅದಕ್ಕೆ ಬೆಂಕಿ ಬೇಕಾಗಿಲ್ಲ. ಸಿಮೆಂಟು ಮಾಡಲಿಕ್ಕೆ ಗೂಡಿನಲ್ಲಿ 1450 ಡಿಗ್ರಿ ಉರಿ ಬೇಕು. ಸುಣ್ಣಕ್ಕೆ ಸುಮಾರು 900. ಇಟ್ಟಿಗೆ ಸುಡಬೇಕು, ಹಂಚು ಸುಡಬೇಕು. ಮುರಕಲ್ಲನ್ನು ಕೊಯ್ದರೆ ಆಯಿತು. ಹತ್ತಿರದ ಕೋರೆಯದಾದರೆ ಲಾರಿಯ ಡೀಸೆಲೂ ಕಡಿಮೆ. ಹಾಗಂತ ಕೋರೆ ಮಾಡಿ ಗುಂಡಿಯನ್ನು ಹಾಗೇ ಬಿಟ್ಟು ಹೋಗುವವರನ್ನು ನಾನು ಸಮರ್ಥಿಸುತ್ತಿಲ್ಲ. ಗುಡ್ಡದ ಮೇಲಿನ ಆ ಕಲ್ಲೇ ನಮ್ಮ ಬಾವಿಗೆ ನೀರು ಕೊಡುವುದು. ಅದಕ್ಕೇ ಕೇಳುತ್ತೇನೆ: ಇಬ್ಬರೇ ಇರುವ ಮನೆಗೆ ಮೂರು ಸಾವಿರ ಚದರಡಿ ಯಾಕೆ?

ಕಲ್ಲಾಯಿತು, ಇನ್ನು ಗಾರೆ. ಗಾರೆ ಕಲ್ಲಿಗಿಂತ ಗಟ್ಟಿ ಇರಬಾರದು. ಇದನ್ನು ಹೇಳಿದರೆ ಮನೆಯವರಿಗೆ ಸಂಶಯ ಬರುತ್ತದೆ, "ಇಂಜಿನಿಯರ್ರೇ, ಸಿಮೆಂಟು ಉಳಿಸಿ ಯಾರಿಗೆ ಕೊಡ್ತೀರಿ?" ಅಂತ. ಮನೆ ಯಾವಾಗಲೂ ಸ್ವಲ್ಪ ಅಲುಗುತ್ತದೆ. ಬಿಸಿಲಿಗೆ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ, ನೆಲ ಕೂರುತ್ತದೆ. ಗಾರೆ ಮೆತ್ತಗಿದ್ದರೆ ಬಿರುಕು ಸಂದಿನಲ್ಲಿ ಬರುತ್ತದೆ, ತುಂಬಿಸಬಹುದು. ಗಾರೆ ಗಟ್ಟಿಯಾದರೆ ಕಲ್ಲೇ ಸೀಳುತ್ತದೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಎರಡು ಮಾಳಿಗೆಯ ಮನೆಗೂ ಇದು ಸಾಕು. ಸುಣ್ಣ ಸೇರಿಸಿದರೆ ಗಾರೆ ಬೆಣ್ಣೆಯ ಹಾಗೆ ಕೂರುತ್ತದೆ, ಹಳೆ ಮೇಸ್ತ್ರಿಗಳು ಈಗಲೂ ಅದನ್ನು ಇಷ್ಟಪಡುತ್ತಾರೆ. ಮೊದಲು ನಮ್ಮ ಹೊಳೆಗಳ ಮರುವಾಯಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಮರಳಿನ ವಿಷಯದಲ್ಲಿ ಒಂದೇ ಮಾತು: ಅಳಿವೆಯ ಮರಳು, ಕಡಲ ಮರಳು ಕಾಂಕ್ರೀಟಿಗೆ ಮುಟ್ಟಿಸಬೇಡಿ. ಉಪ್ಪು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿನಿಂದ ಒಡೆದುಕೊಂಡು ಹೊರಗೆ ಬರುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಸನ್‌ಶೇಡಿನ ಅಡಿಯಿಂದ ಚೂರು ಬೀಳುವುದನ್ನು ನೋಡಿದ್ದೀರಲ್ಲ?

ಪಂಚಾಂಗ ನೆಲದಿಂದ ಎರಡಡಿಯಾದರೂ ಮೇಲಿರಲಿ. ಅದರ ತಲೆಯ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿ. ನೆಲದ ಪಸೆ ಗೋಡೆಗೆ ಏರದ ಹಾಗೆ ಅದು ತಡೆಯುತ್ತದೆ, ನಾಲ್ಕು ಗೋಡೆಯನ್ನು ಕಟ್ಟಿಯೂ ಹಾಕುತ್ತದೆ. ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಯ ತಲೆಯ ಮೇಲೆ, ಇನ್ನೊಂದು ಪಟ್ಟಿ. ಸೂರಿನ ನೀರು ಬೀಳುವ ಜಾಗದಲ್ಲಿ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಸಿ. ಈಗ ಎಲ್ಲರೂ ಗೋಡೆಯವರೆಗೆ ಇಂಟರ್‌ಲಾಕ್ ಹಾಸಿ ಸಿಮೆಂಟು ಮಾಡುತ್ತಾರೆ. ಬಿದ್ದ ಹನಿ ಚಿಮ್ಮಿ ಗೋಡೆಯ ಬುಡಕ್ಕೆ ಹೊಡೆಯುತ್ತದೆ. ಜಲ್ಲಿಯ ಮೇಲೆ ಬಿದ್ದರೆ ಚಿಮ್ಮುವುದಿಲ್ಲ. ಖರ್ಚು ಒಂದು ಪಿಕಪ್ ಜಲ್ಲಿ, ಅಷ್ಟೇ.

ಹೊರಗೋಡೆಗೆ ಸಾರಣೆ ಬೇಡ ಅನ್ನುವವನು ನಾನು. ಒಳ್ಳೆಯ ಕಲ್ಲು, ಮೂರಡಿ ಸೂರು ಇದ್ದರೆ ಕಲ್ಲು ಹಾಗೇ ಕಾಣಲಿ, ಸಂದು ಮಾತ್ರ ತುಂಬಿಸಿ. ಆದರೆ ದಯವಿಟ್ಟು ಅದಕ್ಕೆ ಫಳಫಳ ಹೊಳೆಯುವ ವಾರ್ನಿಶ್ ಹೊಡೆಯಬೇಡಿ. ಈಗ ಅದೊಂದು ರೋಗ ಬಂದಿದೆ. ಅದೂ ರೈನ್‌ಕೋಟೇ, ಪಾರದರ್ಶಕ ರೈನ್‌ಕೋಟು. ಎರಡು ವರ್ಷಕ್ಕೆ ಹಾವಿನ ಪೊರೆಯ ಹಾಗೆ ಏಳುತ್ತದೆ.

ಇನ್ನು ಮಾಡು. ಮಾತು ಶುರುವಾದದ್ದೇ ಅಲ್ಲಿಂದ.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆ ಹೆಚ್ಚಿನವರದು ಮುಳಿಹುಲ್ಲಿನ ಮಾಡು. ಹಂಚು ಒಂದಕ್ಕೆ ಎರಡು, ಎರಡೂವರೆ ಕಿಲೋ. ಬಿಸಿಲಿಗೆ ಬೇಗ ಕಾಯುತ್ತದೆ, ಸೂರ್ಯ ಮುಳುಗಿದ ಕೂಡಲೇ ಬೇಗ ತಣಿಯುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬು ಹಾಗಲ್ಲ, ಮಧ್ಯಾಹ್ನದ ಬಿಸಿಯನ್ನು ಹಿಡಿದಿಟ್ಟು, ನೀವು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಕೆಳಗೆ ಬಿಡುತ್ತದೆ. ಹಂಚಿನ ಅಡಿಯಲ್ಲಿ ಮರದ ಮುಚ್ಚಿಗೆ ಇದ್ದ ಮನೆಯಲ್ಲಿ ಮಲಗಿದವರಿಗೆ ವ್ಯತ್ಯಾಸ ಗೊತ್ತು. ಹಂಚಿಗೂ ಮುಚ್ಚಿಗೆಗೂ ನಡುವೆ ಅಟ್ಟ, ಅಟ್ಟದಲ್ಲಿ ಗಾಳಿ. ಈಗ ಮರದ ಪಕ್ಕಾಸು, ರೀಪಿನ ಬದಲು ಕಬ್ಬಿಣದ ಪೈಪು ಹಾಕುತ್ತಾರೆ, ಅಡ್ಡಿ ಇಲ್ಲ, ಗೆದ್ದಲಿನ ಚಿಂತೆ ಇಲ್ಲ. ಮುಚ್ಚಿಗೆಗೆ ಮರ ದುಬಾರಿಯಾದರೆ ಸೀಲಿಂಗ್ ಹಂಚು ಸಿಗುತ್ತದೆ. ಕೆಡವಿದ ಮನೆಗಳ ಹಳೆ ಹಂಚು ತೊಳೆದು ಹಾಕಿದರೂ ಆಗುತ್ತದೆ.

ಯಾವುದು ಬೇಡ ಗೊತ್ತಾ? ಕಾಂಕ್ರೀಟನ್ನೇ ಓರೆಯಾಗಿ ಹಾಕಿ ಅದರ ಮೇಲೆ ಹಂಚು ಅಂಟಿಸುವುದು. ಹೊರಗಿನಿಂದ ನೋಡಿದರೆ ಅಜ್ಜನ ಮನೆ, ಒಳಗೆ ಬಂದರೆ ಬೇಕರಿಯ ಗೂಡು. ಹಂಚಿಗೂ ಸ್ಲ್ಯಾಬಿಗೂ ನಡುವೆ ಗಾಳಿಗೆ ಜಾಗವೇ ಇಲ್ಲ. ಹಂಚು ಅಲ್ಲಿ ಶೋಕಿಗೆ.

ತಾರಸಿಯೇ ಬೇಕು, ಮುಂದೆ ಮೇಲೆ ಕಟ್ಟಲಿಕ್ಕುಂಟು ಅನ್ನುವವರು ಫಿಲ್ಲರ್ ಸ್ಲ್ಯಾಬ್ ಯೋಚಿಸಿ. ಕೇರಳದಲ್ಲಿ ಇದನ್ನು ಜನರಿಗೆ ಪರಿಚಯ ಮಾಡಿದವರು ಆರ್ಕಿಟೆಕ್ಟ್ ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲೇ ತೀರಿಕೊಂಡವರು. ಲೆಕ್ಕ ಸುಲಭ ಇದೆ. ಸ್ಲ್ಯಾಬು ಭಾರಕ್ಕೆ ಬಾಗುವಾಗ ಮೇಲಿನ ಭಾಗ ಒತ್ತುತ್ತದೆ, ಕೆಳಗಿನ ಭಾಗ ಎಳೆಯುತ್ತದೆ. ಎಳೆತವನ್ನು ತಾಳುವುದು ಕಬ್ಬಿಣ. ಅಲ್ಲಿರುವ ಕಾಂಕ್ರೀಟು ಕಬ್ಬಿಣಕ್ಕೆ ಅಂಗಿ ಮಾತ್ರ. ಆದ್ದರಿಂದ ಸರಳುಗಳ ನಡುವಿನ ಚೌಕದಲ್ಲಿ ಎರಡು ಹಳೆ ಹಂಚು ಕವುಚಿಟ್ಟು ಅದರ ಮೇಲೆ ಕಾಂಕ್ರೀಟು ಹಾಕಿದರೆ ಶಕ್ತಿ ಕಡಿಮೆಯಾಗುವುದಿಲ್ಲ. ಕಾಂಕ್ರೀಟು ಉಳಿಯುತ್ತದೆ, ಭಾರ ಕಡಿಮೆ, ಎರಡು ಹಂಚಿನ ನಡುವೆ ಸಿಕ್ಕಿದ ಗಾಳಿ ಬಿಸಿಯನ್ನು ಸ್ವಲ್ಪ ತಡೆಯುತ್ತದೆ. ಆದರೆ ಸರಳಿನ ಲೆಕ್ಕ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಯೂಟ್ಯೂಬ್ ನೋಡಿ ಮಾಡುವ ಕೆಲಸ ಇದಲ್ಲ.

ಗೋಡೆಯ ದಪ್ಪದ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. "ದಪ್ಪ ಗೋಡೆ, ತಂಪು ಮನೆ" ಅಂತ. ಬಳ್ಳಾರಿಯಲ್ಲಿ ಅದು ಸರಿ. ಅಲ್ಲಿ ಹಗಲು ಕಾದರೂ ರಾತ್ರಿ ಚೆನ್ನಾಗಿ ತಣಿಯುತ್ತದೆ, ದಪ್ಪ ಗೋಡೆ ರಾತ್ರಿಯ ತಂಪನ್ನು ಹಗಲಿಗೆ ಇಟ್ಟುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಅಷ್ಟು ಅಂತರ ಇಲ್ಲ, ಮೇಲಿಂದ ಗಾಳಿಯ ಪಸೆ. ಒಂಬತ್ತಿಂಚು ಗೋಡೆಯನ್ನು ಬಿಸಿ ದಾಟಲಿಕ್ಕೆ ಆರೇಳು ಗಂಟೆ ಬೇಕು. ಸಂಜೆ ನಾಲ್ಕರ ಬಿಸಿಲು ಪಶ್ಚಿಮದ ಗೋಡೆಯ ಒಳಗೆ ಬರುವಾಗ ರಾತ್ರಿ ಹತ್ತು ಹನ್ನೊಂದು. ನೀವು ಮಲಗುವ ಹೊತ್ತು! ಇಲ್ಲಿ ಮೊದಲು ನೆರಳು, ಆಮೇಲೆ ಗಾಳಿ, ದಪ್ಪ ಎಲ್ಲ ಮತ್ತೆ.

ಅದೃಷ್ಟಕ್ಕೆ ನಮ್ಮಲ್ಲಿ ಸಂಜೆಯ ಬಿಸಿಲೂ ಪಶ್ಚಿಮದ್ದು, ಹೊಡೆಯುವ ಮಳೆಯೂ ಪಶ್ಚಿಮ, ನೈಋತ್ಯದ್ದು. ಒಂದೇ ಮದ್ದಿನಲ್ಲಿ ಎರಡು ಕಾಯಿಲೆ ಗುಣವಾಗುತ್ತದೆ. ಉದ್ದದ ಸೂರು, ಜಗಲಿ, ಸ್ಟೋರು, ಬಚ್ಚಲು, ಮೆಟ್ಟಿಲು ಎಲ್ಲ ಆ ಕಡೆಗೆ ಹಾಕಿ. ಆದರೆ ವಾಸ್ತುವಿನವರು ಏನು ಮಾಡುತ್ತಾರೆ? ಕನ್ನಿಮೂಲೆಗೆ, ಅಂದರೆ ಸರಿಯಾಗಿ ನೈಋತ್ಯಕ್ಕೆ, ಯಜಮಾನರ ಮಲಗುವ ಕೋಣೆ ಕೊಡುತ್ತಾರೆ. ಇಡೀ ಮನೆಯಲ್ಲಿ ಅತಿ ಸೆಕೆಯ, ಅತಿ ಪಸೆಯ ಮೂಲೆ ಅದು. ನಾನು ಜಗಳ ಮಾಡುವುದಿಲ್ಲ, ನನಗೂ ಹೊಟ್ಟೆಪಾಡು. "ಆಗಲಿ, ಕೋಣೆ ಅಲ್ಲೇ ಇರಲಿ, ಅದಕ್ಕೆ ಎರಡು ಬದಿಯಲ್ಲಿ ಐದಡಿ ಜಗಲಿ ಕೊಡೋಣ" ಅನ್ನುತ್ತೇನೆ. ಜಗಲಿ ಬೇಡ ಅಂತ ಯಾವ ವಾಸ್ತುವಿನವರೂ ಇದುವರೆಗೆ ಹೇಳಿಲ್ಲ.

ಗಾಳಿಯ ಮಾತು ಬೇಗ ಮುಗಿಸುತ್ತೇನೆ. ಒಂದು ಕೋಣೆಗೆ ಒಂದೇ ಗೋಡೆಯಲ್ಲಿ ದೊಡ್ಡ ಕಿಟಕಿ ಇದ್ದರೆ ಗಾಳಿ ಬರುವುದಿಲ್ಲ, ಹೊರಗೆ ಹೋಗುವ ದಾರಿ ಇದ್ದರೆ ಮಾತ್ರ ಬರುತ್ತದೆ. ಎದುರು ಗೋಡೆಯಲ್ಲಿ, ಸಾಧ್ಯವಾದರೆ ಎತ್ತರದಲ್ಲಿ, ಇನ್ನೊಂದು ತೆರಪು ಬೇಕು. ಬಿಸಿ ಗಾಳಿ ಮೇಲೆ ನಿಲ್ಲುತ್ತದೆ, ಅದಕ್ಕೇ ಹಳೆ ಮನೆಗಳಲ್ಲಿ ಬಾಗಿಲ ಮೇಲೂ ಜಾಲರಿ ಇಡುತ್ತಿದ್ದರು. ಫ್ಯಾನು ಬದಲಿಸುವವರು ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟು ತಿನ್ನುವ ಮೋಟಾರಿನದ್ದು ತೆಗೆದುಕೊಳ್ಳಿ. ಹಳೆಯದು 75 ವಾಟ್ ತಿಂದರೆ ಇದು 30ರ ಆಸುಪಾಸು. ನಾಲ್ಕು ಫ್ಯಾನು ದಿನಕ್ಕೆ ಹತ್ತು ಗಂಟೆ ಓಡಿದರೆ ಎರಡು ತಿಂಗಳ ಬಿಲ್ಲಿನಲ್ಲಿ ನೂರು ಯೂನಿಟಿನ ಮೇಲೆ ಉಳಿತಾಯ. ಏಸಿಯ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಬೇಕಾದರೆ ಹಾಕಿ, ಆದರೆ ತಾರಸಿಗೆ ನೆರಳು ಮಾಡಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದು ಸ್ಲ್ಯಾಬನ್ನು ತಣಿಸುತ್ತಾ ಕೂರುತ್ತದೆ, ನಿಮ್ಮನ್ನಲ್ಲ.

ಇಲ್ಲಿಗೆ ಮಾತು ಮುಗಿಸಿದೆ. ಆಮೇಲೆ ಪ್ರಶ್ನೆಗಳು ಬಂದವು. ಒಬ್ಬರು ಖರ್ಚು ಕೇಳಿದರು. ಸೂರು, ಜಗಲಿಗೆ ಹೋಗುವ ದುಡ್ಡು ಹೊರಗಿನ ಸಾರಣೆ, ಪುಟ್ಟಿ, ಪಿಒಪಿ ಸೀಲಿಂಗಿನ ಲೆಕ್ಕದಿಂದ ತೆಗೆಯಿರಿ ಅಂದೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಆಗುತ್ತದಾ ಅಂತ ಒಬ್ಬ ಹುಡುಗ ಕೇಳಿದ. ಆಗುತ್ತದೆ, ಬಿಸಿಲನ್ನು ಚೆನ್ನಾಗಿಯೇ ಹಿಂದಕ್ಕೆ ಕಳಿಸುತ್ತದೆ. ಆದರೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತೊಳೆದು ಹೋಗಿ ಪಾಚಿ ಕಪ್ಪಾಗುತ್ತದೆ, ಪ್ರತಿ ಜನವರಿಯಲ್ಲಿ ತಿಕ್ಕಿ ತೊಳೆದು ಮತ್ತೆ ಬಳಿಯಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಅರುವತ್ತರ ಹತ್ತಿರದ ಪ್ರಾಯ.

"ನಮ್ಮದು ತಾರಸಿ ಮನೆ. ಮೇಲೆ ಶೀಟು ಹಾಕಿಸಿ ಮೂರು ವರ್ಷ ಆಯಿತು. ಅಡಿಕೆ ಒಣಗಿಸಲಿಕ್ಕೂ ಆಗ್ತದೆ, ತಂಪೂ ಆಗ್ತದೆ ಅಂತ ಹಾಕಿಸಿದ್ದು. ಸೆಕೆ ಎಂತ ಕಡಿಮೆ ಆಗಲಿಲ್ಲ."

"ಅಕ್ಕಾ, ಶೀಟಿನ ಸುತ್ತ ಎಂತ ಉಂಟು?"

"ಸುತ್ತಲೂ ಶೀಟೇ. ಮಂಗಗಳ ಕಾಟ ತಡೆಯಲಿಕ್ಕಾಗಲಿಲ್ಲ, ನಾಲ್ಕೂ ಬದಿ ಮುಚ್ಚಿದ್ದೇವೆ."

"ಶೀಟಿನ ಬಣ್ಣ?"

"ಕಡು ನೀಲಿ."

ಸಭೆ ನಕ್ಕಿತು. ಮೇಲಿನ ಶೀಟು ನೆರಳು ಕೊಡುವುದು ಅದರ ಅಡಿಯಲ್ಲಿ ಗಾಳಿ ಹಾದುಹೋದರೆ ಮಾತ್ರ ಅಂದೆ. ಸುತ್ತ ಮುಚ್ಚಿದರೆ ಒಳಗಿನ ಗಾಳಿ ಕಾದು ಅಲ್ಲೇ ನಿಲ್ಲುತ್ತದೆ. ಎರಡು ಬದಿಯ ಶೀಟು ಬಿಚ್ಚಿ ಕಬ್ಬಿಣದ ಬಲೆ ಹಾಕಿ, ಮಂಗವೂ ಬರುವುದಿಲ್ಲ. ಮೇಲಿನ ಶೀಟಿಗೆ ಬಿಳಿ ಬಣ್ಣ ಹೊಡೆಸಿ.

"ಮಳೆಗೆ ಅಡಿಕೆ ಒದ್ದೆ ಆಗುವುದಿಲ್ವಾ?"

"ಪಶ್ಚಿಮದ್ದು ಹಾಗೇ ಇರಲಿ. ಉತ್ತರ, ಪೂರ್ವ ಬಿಚ್ಚಿ. ಅಡಿಕೆ ಒಣಗಿಸುವುದು ಬೇಸಗೆಯಲ್ಲಿ ಅಲ್ವಾ ಅಕ್ಕಾ?"

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಮಗ ಶನಿವಾರ ಬೆಂಗಳೂರಿನಿಂದ ಬರ್ತಾನೆ, ಅವನ ಕೈಯಲ್ಲೇ ಬಿಚ್ಚಿಸ್ತೇನೆ. ನೀಲಿ ಬಣ್ಣ ಆರಿಸಿದವನೂ ಅವನೇ" ಅಂತ ಹೇಳಿ ಕುಳಿತರು.